ತೊಡಕಿನ ದಿನ ಸ್ಟಿಯರಿಂಗ್ ಹಿಡಿದವರು

ಅದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ಹೊಳೆನರಸೀಪುರ ಬಸ್ ನಿಲ್ದಾಣದ ಟಿ.ಸಿ. ಶಿವನಂಜಪ್ಪ. ಬಸ್ಸುಗಳು ಬರುವ ಹೋಗುವ ಹೊತ್ತು ನೋಡಿಕೊಳ್ಳುವ ತಮ್ಮ ಗೂಡಿನ ಕಿಟಕಿಯಿಂದ ಮುಖ ಹೊರಗಿಟ್ಟು, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅಂದಿದ್ದರು: "ಅವ್ನಾ ಬಾಯಿ ಕಟ್ಟೋನು? ಬೆಲ್ಲದಚ್ಚಿನ ಮ್ಯಾಲೆ ಕುಂತಿರೋ ಇರುವೆಗೆ ಉಪಾಸ ಮಾಡು ಅಂದಂಗಾಯ್ತು. ಶುಗರ್ ಇಳಿಯಕ್ಕಿಲ್ಲ, ಇವ್ನು ಮತ್ತೆ ಗಾಡಿ ಹತ್ತಕ್ಕಿಲ್ಲ, ಬುಡು." ಎರಡನೆಯವನು ಬಾಯಿ ಕಟ್ಟಬೇಕಾಗಿದ್ದವರ ಸ್ವಂತ ಬಾಮೈದ. ಮೂರನೆಯವರು ಅವರೇ.

ಅವರು ಎಂದರೆ, ನಾನು ಕಂಡಕ್ಟರಾಗಿ ಸೇರಿದಾಗಿನಿಂದ ಬಹಳ ಕಾಲ ನನ್ನ ಬಸ್ಸಿನ ಡ್ರೈವರಾಗಿದ್ದವರು. ಹೆಸರು ಬರೆಯುವುದಿಲ್ಲ, ಬರೆದರೆ ಅವರಿಗೆ ಹಿಡಿಸುವುದಿಲ್ಲ. ಈಚೆಗೆ ನಿವೃತ್ತರಾದರು. ಡಿಪೋದಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಅಷ್ಟು ವರ್ಷ ಒಂದು ಅಪಘಾತವೂ ಇಲ್ಲದೆ ಗಾಡಿ ಓಡಿಸಿದ್ದನ್ನು ಎಲ್ಲರೂ ಹೊಗಳಿದರು. ಅವರು ಸ್ಟಿಯರಿಂಗ್ ಬಿಟ್ಟು ಡಿಪೋ ಗೇಟಿನಲ್ಲಿ ಕೂತ ಕೆಲವು ತಿಂಗಳ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಮರ್ಯಾದೆಗೆ ಬಿಟ್ಟಿದ್ದಿರಬೇಕು. ನನಗಾದರೋ ಅವರ ಅಷ್ಟೂ ವರ್ಷಗಳಿಗಿಂತ ಆ ತಿಂಗಳುಗಳೇ ದೊಡ್ಡದಾಗಿ ಕಾಣುತ್ತವೆ. ಅದಕ್ಕೆ ಇದನ್ನು ಬರೆಯಲು ಕೂತೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನುಗ್ಗೇಹಳ್ಳಿ ಕಡೆಯವಳು ನಾನು. ಅಪ್ಪ ತೆಂಗಿನಕಾಯಿ ಸುಲಿಯುವವನು, ಅವ್ವ ಕೂಲಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಚನ್ನರಾಯಪಟ್ಟಣದಲ್ಲಿ ಬಿ.ಎ. ಮುಗಿಸಿ ಕಂಡಕ್ಟರ್ ಕೆಲಸಕ್ಕೆ ಸೇರಿದಾಗ, ಟಿಕೆಟ್ ಕೊಡೋದಕ್ಕೆ ಇಷ್ಟು ಓದಬೇಕಿತ್ತಾ ಎಂದು ನಕ್ಕವರಿದ್ದರು. ಮೊದಲ ದಿನ ಡ್ಯೂಟಿಗೆ ಹೋದಾಗ ಇವರೂ ಏನು ಓದಿದ್ದೀಯ ಎಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಕತ್ತಿನ ಟವೆಲು ತೆಗೆದು ಕಂಡಕ್ಟರ್ ಸೀಟು ಒರೆಸಿದರು. "ಕುಂತ್ಕವ್ವ. ಈ ಸೀಟ್ನಾಗೆ ಇದುವರ್ಗೂ ಬಿ.ಎ. ಕುಂತಿರ್ಲಿಲ್ಲ" ಎಂದರು. ಆ ದಿನದಿಂದ ನನಗವರು ಅಣ್ಣ.

ನಮ್ಮದು ಅರಕಲಗೂಡಿಗೆ ಎರಡು ಸುತ್ತು, ಆಮೇಲೆ ಚನ್ನರಾಯಪಟ್ಟಣಕ್ಕೆ ಒಂದು ಸುತ್ತು. ಗಾಡಿ ಹತ್ತುವ ಮುಂಚೆ ಮುಂದಿನ ಚಕ್ರವನ್ನು ಒಮ್ಮೆ ಅಂಗೈಯಿಂದ ತಟ್ಟುತ್ತಿದ್ದರು, ಎತ್ತಿನ ಬೆನ್ನು ತಟ್ಟಿದ ಹಾಗೆ. ರಸ್ತೆಯಲ್ಲಿ ಮಲಗಿದ ದನಕ್ಕೆ ಹಾರನ್ ಹೊಡೆಯುತ್ತಿರಲಿಲ್ಲ. ಎಂಜಿನ್ ಸದ್ದು ಒಂದಿಷ್ಟು ಏರಿಸಿ ಇಳಿಸುತ್ತಿದ್ದರು, ಅದು ತಾನಾಗಿ ಏಳುತ್ತಿತ್ತು. ಬೇರೆಯವರು ಬ್ರೇಕ್ ಒತ್ತಿದರೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇವರು ನಿಲ್ಲಿಸಿದರೆ ನನ್ನ ಕೈಯಲ್ಲಿದ್ದ ಚಿಲ್ಲರೆ ಕೂಡ ಅಲುಗುತ್ತಿರಲಿಲ್ಲ. ಹೇಗಣ್ಣ ಎಂದು ಕೇಳಿದ್ದಕ್ಕೆ, ಗಾಡಿ ಓಡಿಸುವುದು ಕಣ್ಣಲ್ಲ ಪಾದ, ಕಣ್ಣು ಬರೀ ದಾರಿ ತೋರಿಸುತ್ತದೆ ಎಂದಿದ್ದರು.

ನಿಲ್ದಾಣದಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಹಿಂದೆ ನಿಂತು ತಗಡು ತಟ್ಟಬೇಕು. ತಟ್ಟುತ್ತಿರುವಷ್ಟು ಹೊತ್ತು ಬರಬಹುದು, ಜೋರಾಗಿ ಒಂದೇ ಏಟು ಬಿದ್ದರೆ ನಿಲ್ಲಬೇಕು. ಕೆಲವು ಡ್ರೈವರುಗಳು ಹೆಂಗಸು ತಟ್ಟಿದರೆ ನಂಬುವುದಿಲ್ಲ, ತಲೆ ಹೊರಗೆ ಹಾಕಿ ತಾವೇ ನೋಡುತ್ತಾರೆ. ಇವರು ಎಂದೂ ತಲೆ ಹೊರಗೆ ಹಾಕಲಿಲ್ಲ.

ಅವರ ಕಷ್ಟ ಬಾಯಿಯದು. ಕೆಳದುಟಿಯ ಒಳಗೆ ಯಾವಾಗಲೂ ಹೊಗೆಸೊಪ್ಪು. ಟೀಗೆ ಸಕ್ಕರೆ ಹಾಕಿಸಿಕೊಳ್ಳುವುದಲ್ಲ, ಸಕ್ಕರೆಗೆ ಟೀ ಹುಯ್ಯಿಸಿಕೊಳ್ಳುವುದು ಎಂದು ಅರಕಲಗೂಡಿನ ಹೋಟೆಲಿನವರು ತಮಾಷೆ ಮಾಡುತ್ತಿದ್ದರು. ಅದಕ್ಕಿಂತ ಹೆಚ್ಚಿನದು ದಾರಿಯ ಜನರ ಪ್ರೀತಿ. ನಮ್ಮ ದಾರಿಯಲ್ಲಿ ಯಾರ ಮನೆಯಲ್ಲಿ ಹಬ್ಬವಾಗಲಿ, ನಾಮಕರಣವಾಗಲಿ, ಮಾರನೆಯ ದಿನ ಡ್ರೈವರ್ ಕಿಟಕಿಗೆ ಒಂದು ಪೊಟ್ಟಣ ಬರುತ್ತದೆ. ಒಬ್ಬಟ್ಟು, ಕಜ್ಜಾಯ, ಚಿಗಳಿ. ಬೇಡ ಅಂದರೆ ಆ ಮನೆಯನ್ನೇ ಬೇಡ ಅಂದ ಹಾಗೆ. ಇವರು ಒಂದು ಕೈ ಸ್ಟಿಯರಿಂಗ್ ಮೇಲೆ, ಒಂದು ಕೈ ಪೊಟ್ಟಣದಲ್ಲಿ ಇಟ್ಟುಕೊಂಡೇ ಅರ್ಧ ವರ್ಷ ಕಳೆಯುತ್ತಿದ್ದರು.

ಒಂದು ಜನವರಿ ಒಂದನೇ ತಾರೀಕು ಡಿಪೋದ ಹುಡುಗರು ಕೇಕ್ ಕತ್ತರಿಸಿ, ಪ್ರತಿಯೊಬ್ಬರೂ ಏನಾದರೊಂದು ಬಿಡಬೇಕು ಎಂದು ಗಂಟು ಬಿದ್ದರು. ಇವರು ಕೇಕು ತಿನ್ನುತ್ತಲೇ ಸಿಹಿಯನ್ನೂ ಹೊಗೆಸೊಪ್ಪನ್ನೂ ಬಿಟ್ಟೆ ಎಂದರು. ಅರಕಲಗೂಡು ದಾರಿಯಲ್ಲಿ ಒಬ್ಬ ಅಜ್ಜಿ ಮೊಮ್ಮಗನ ನಾಮಕರಣದ ಸಜ್ಜಪ್ಪ ಹಿಡಿದು ನಿಂತಿದ್ದಳು. ಅಲ್ಲಿಗೆ ಅವರ ಹೊಸ ವರ್ಷ ಮುಗಿಯಿತು. ನಾನು ಕೆಣಕಿದೆ. "ಅದು ಇಂಗ್ಲೀಷ್ನೋರ ವರ್ಷ ಕಣವ್ವ, ನಮ್ಮನ್ನ ಹಿಡಿಯಕ್ಕಿಲ್ಲ" ಎಂದು ಬೆರಳು ನೆಕ್ಕಿದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ನಗು ನಿಂತದ್ದು ಶಿವರಾತ್ರಿಯ ಆಸುಪಾಸಿನಲ್ಲಿ. ಅಷ್ಟು ಹೊತ್ತಿಗೆ ಅವರು ದಾರಿಯಲ್ಲಿ ಮೋರಿ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ ಇಳಿಯುತ್ತಿದ್ದರು, ಕುಡಿಯುವ ನೀರು ಸಾಲುತ್ತಿರಲಿಲ್ಲ. ಒಂದು ದಿನ ಅರಕಲಗೂಡಿನಲ್ಲಿ ಗಾಡಿ ನಿಲ್ಲಿಸಿ ಎಂದಿನಂತೆ ಹೋಟೆಲಿನ ಕಡೆ ನಡೆದರು. ನಾನು ಹಿಂದೆ ಇಳಿಯುವಾಗ ಡ್ರೈವರ್ ಸೀಟಿನ ಕೆಳಗೆ ಕ್ಲಚ್ಚಿನ ಪಕ್ಕ ಒಂದು ಚಪ್ಪಲಿ ಬಿದ್ದಿತ್ತು. ತಲೆಯೆತ್ತಿ ನೋಡಿದರೆ ಅವರು ಕಾದ ಡಾಂಬರಿನ ಮೇಲೆ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಸಲೀಸಾಗಿ ನಡೆದು ಹೋಗುತ್ತಿದ್ದಾರೆ. ಓಡಿಹೋಗಿ ಚಪ್ಪಲಿ ಮುಂದಿಟ್ಟೆ. ಅವರು ತಮ್ಮ ಕಾಲನ್ನು ಬೇರೆ ಯಾರದೋ ಕಾಲಿನಂತೆ ನೋಡಿದರು.

ಚಪ್ಪಲಿ ಜಾರಿದ್ದು ಗೊತ್ತಾಗದ ಕಾಲಿಗೆ, ಕಾದ ಡಾಂಬರು ಗೊತ್ತಾಗದ ಕಾಲಿಗೆ, ಕ್ಲಚ್ಚು ಬ್ರೇಕು ಹೇಗೆ ಗೊತ್ತಾಗುತ್ತದೆ? ವಾಪಸು ಬರುವಾಗ ಗಾಡಿ ತುಂಬ ಶಾಲೆ ಬಿಟ್ಟ ಮಕ್ಕಳು. ನಾನು ಟಿಕೆಟ್ ಕೊಡುವುದು ಬಿಟ್ಟು ಅವರ ಪಾದ ನೋಡುತ್ತಾ ನಿಂತಿದ್ದೆ. ಪ್ರತಿ ತಿರುವಿನಲ್ಲೂ ಕಂಬಿ ಹಿಡಿದ ನನ್ನ ಕೈ ಬಿಗಿಯುತ್ತಿತ್ತು.

ಹೊಳೆನರಸೀಪುರ ಮುಟ್ಟಿದ ಮೇಲೆ, ಜನ ಇಳಿದು ಹೋದ ಖಾಲಿ ಬಸ್ಸಿನಲ್ಲಿ ನೇರವಾಗಿ ಹೇಳಿದೆ: ಅಣ್ಣ, ನಾಳೆಯೇ ಆಸ್ಪತ್ರೆಗೆ ಹೋಗಿ, ಇಲ್ಲದಿದ್ದರೆ ನಾನು ಡಿಪೋದಲ್ಲಿ ಹೇಳುತ್ತೇನೆ. ಅವರ ಮುಖ ಕಪ್ಪಾಯಿತು.

"ಏನ್ ಹೇಳ್ತೀಯ? ನನ್ಗೆ ಗಾಡಿ ಓಡ್ಸಕ್ಕೆ ಬರಕ್ಕಿಲ್ಲ ಅಂತ್ಲಾ?"

"ಕಾಲು ಸ್ವಾಧೀನ ತಪ್ತಾ ಐತೆ ಅಂತ."

"ಓದಿವ್ನಿ ಅಂತ ನನ್ಗೇ ಕಾಲು ತೋರುಸ್ತೀಯ ನೀನು?"

ಆಮೇಲೆ ನಮ್ಮ ನಡುವೆ ಮಾತು ನಿಂತಿತು. ಒಂದು ಬೆಲ್ ಹೊಡೆದರೆ ನಿಲ್ಲಿಸುತ್ತಿದ್ದರು, ಎರಡು ಹೊಡೆದರೆ ಹೊರಡುತ್ತಿದ್ದರು. ಅಷ್ಟೇ. ಜನಕ್ಕೂ ಗೊತ್ತಾಯಿತು. ಏನ್ರೀ, ಡ್ರೈವರ್‌ಗೂ ಕಂಡಕ್ಟರ್‌ಗೂ ಮುನಿಸಾ ಎಂದು ಕೇಳುವವರು. ಪೊಟ್ಟಣ ಬಂದರೆ ನನಗೂ ಒಂದು ತುಂಡು ಕೊಡುತ್ತಿದ್ದವರು ಈಗ ಹಿಂದಕ್ಕೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಗಂತ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಡಿಪೋಗೆ ಹೇಳಲು ಒಂದು ಬೆಳಗ್ಗೆ ಮ್ಯಾನೇಜರ ಕೋಣೆಯ ಬಾಗಿಲಿಗೆ ಹೋದೆ. ಒಳಗೆ ಅವರೇ ನಿಂತಿದ್ದರು. ತಾವಾಗಿಯೇ ವೈದ್ಯಕೀಯ ತಪಾಸಣೆಗೆ ಬರೆದುಕೊಟ್ಟು ಹೊರಗೆ ಬಂದು, ನನ್ನನ್ನು ದಾಟಿ ಹೋದರು.

ಹಾಸನದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಪಾದಕ್ಕೆ ನೈಲಾನ್ ಎಳೆ ಮುಟ್ಟಿಸಿ ನೋಡಿ, ಸದ್ಯಕ್ಕೆ ಗಾಡಿ ಮುಟ್ಟಕೂಡದು ಎಂದು ಬರೆದರು. ನರ ಪೂರ್ತಿ ಸತ್ತಿಲ್ಲ, ಸಕ್ಕರೆ ಇಳಿದರೆ ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು ಎಂದರು. ಯುಗಾದಿ ಕಳೆದು ಮೂರು ತಿಂಗಳಿಗೆ ಮತ್ತೊಂದು ಪರೀಕ್ಷೆ. ಅದರಲ್ಲಿ ತೇರ್ಗಡೆಯಾಗದಿದ್ದರೆ ನಿವೃತ್ತಿಯವರೆಗೂ ಗೇಟಿನ ಕೆಲಸವೇ ಗತಿ. ಶಿವನಂಜಪ್ಪ ಇರುವೆಯ ಮಾತು ಆಡಿದ್ದು ಆ ದಿನವೇ. ಇವರು ಅದನ್ನು ಕೇಳಿಸಿಕೊಂಡು, "ನಿಜ ಕಣಯ್ಯ, ನನ್ ಕೈಲಾಗಕ್ಕಿಲ್ಲ" ಎಂದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ಸ್ಟಿಯರಿಂಗ್ ಇಲ್ಲದೆ ಅವರ ಕೈಗಳು ಎಲ್ಲಿಡಬೇಕೋ ತಿಳಿಯದ ಹಾಗೆ ತೊಡೆಯ ಮೇಲೆ ಬಿದ್ದಿದ್ದವು.

ನನ್ನ ಬಸ್ಸಿಗೆ ಬೇರೆ ಡ್ರೈವರ್ ಬಂದರು. ಇವರು ಗೇಟಿನಲ್ಲಿ ಸ್ಟೂಲು ಹಾಕಿಕೊಂಡು, ಹೋಗುವ ಬರುವ ಗಾಡಿಗೆ ಸರಪಳಿ ತೆಗೆಯುವುದು, ಹಾಕುವುದು. ನಮ್ಮ ಗಾಡಿ ಬಂದಾಗ ಸರಪಳಿ ಕೈಯಲ್ಲಿ ಹಿಡಿದೇ ಎಂಜಿನ್ನಿನ ಸದ್ದು ಕೇಳುತ್ತಿದ್ದರು. ಒಂದು ಸಂಜೆ ನಾನು ಇಳಿದು ಹೋಗುವಾಗ, ಅಷ್ಟು ದಿನದ ಮೇಲೆ ಮೊದಲ ಮಾತು ಬಂತು: "ಕ್ಲಚ್ ಜಾಸ್ತಿ ತುಳೀತಾವ್ನೆ ಅವ್ನು. ಹೇಳವ್ವ ಅವ್ನಿಗೆ." ಆಗಲಿ ಅಣ್ಣ ಎಂದೆ. ಅಲ್ಲಿಗೆ ಮುನಿಸು ಮುಗಿಯಿತು.

ನಮ್ಮ ಕಡೆ ಯುಗಾದಿಯ ಮಾರನೆಯ ದಿನ ವರ್ಷತೊಡಕು. ಆ ದಿನ ಏನು ತೊಡರಿಕೊಂಡಿತೋ ಅದು ವರ್ಷವಿಡೀ ಬಿಡುವುದಿಲ್ಲ ಎಂಬುದು ನಂಬಿಕೆ. ಅದಕ್ಕೇ ಬೆಳಗ್ಗೆ ಮಟನ್ ಅಂಗಡಿಯ ಮುಂದೆ ಸಾಲು, ಮಧ್ಯಾಹ್ನ ಇಸ್ಪೀಟು. ಆ ದಿನ ಮಕ್ಕಳಿಗೆ ಹೊಡೆಯುವುದಿಲ್ಲ, ಆಸ್ಪತ್ರೆಯ ಬಾಗಿಲು ತುಳಿಯುವುದಿಲ್ಲ, ಹೊಡೆದರೆ, ತುಳಿದರೆ, ವರ್ಷವೆಲ್ಲ ಅದೇ. ಆ ತೊಡಕಿನ ಬೆಳಗ್ಗೆ ನನಗೆ ಡ್ಯೂಟಿ ಇತ್ತು. ಡಿಪೋಗೆ ಬಂದರೆ, ರಿಪೇರಿಗೆ ನಿಂತಿದ್ದ ಒಂದು ಬಸ್ಸಿನ ಡ್ರೈವರ್ ಸೀಟಿನಲ್ಲಿ ಇವರು ಕೂತಿದ್ದಾರೆ. ಎಂಜಿನ್ ಆಫ್. ಇಸ್ತ್ರಿ ಮಾಡಿದ ಖಾಕಿ, ಬರಿಗಾಲು, ಎರಡೂ ಕೈ ಸ್ಟಿಯರಿಂಗ್ ಮೇಲೆ. ಮೆಕ್ಯಾನಿಕ್ಕುಗಳು ನೋಡಿಯೂ ನೋಡದವರಂತೆ ಅತ್ತ ತಿರುಗಿ ಕೆಲಸ ಮಾಡುತ್ತಿದ್ದರು.

ನನ್ನನ್ನು ಕಂಡು ಸಣ್ಣಗೆ ನಕ್ಕರು. "ಇವತ್ತು ಇಲ್ಲಿ ಕುಂತ್ರೆ ವರ್ಸೆಲ್ಲ ಇಲ್ಲೇ ಕುಂತಿರ್ತೀನಿ ಕಣವ್ವ. ಇದು ನಮ್ ವರ್ಸ. ಇದು ಹಿಡಿತದೆ."

ಬೆಳಗ್ಗೆ ಎದ್ದು ಹೇಮಾವತಿಯ ದಂಡೆಯ ಮೇಲೆ ನಡೆದು ಬಂದರಂತೆ. ಹೊಗೆಸೊಪ್ಪಿನ ಡಬ್ಬಿಯನ್ನು ನೀರಿಗೆ ಹಾಕಿದರಂತೆ. ಸಕ್ಕರೆ ಇಲ್ಲದ ಟೀ ಕುಡಿದರಂತೆ. ಮಧ್ಯಾಹ್ನ ಬಾಮೈದ ಅವರ ಮನೆಗೇ ಬಂದು, ಇಸ್ಪೀಟು ಕಲೆಸುತ್ತಾ, ಈ ಭಾವನ ವ್ರತ ಬಾಡಿನ ಘಮ ಬರೋವರೆಗೆ ಎಂದು ಎಲ್ಲರೆದುರು ಆಡಿಕೊಂಡನಂತೆ. ಇವರು ಎರಡು ತುಂಡು ತಿಂದು, ಅರ್ಧ ಮುದ್ದೆ ಉಂಡು, ಒಬ್ಬಟ್ಟಿನ ತಟ್ಟೆ ಮುಟ್ಟದೆ ಎದ್ದರಂತೆ. ಇದನ್ನೆಲ್ಲ ಆಮೇಲೆ ಹೇಳಿದವರು ಅವರ ಹೆಂಡತಿ ಜಯಮ್ಮ. ಹೇಳುವಾಗ ಅವರಿಗೆ ಹೆಮ್ಮೆಯೂ ಇತ್ತು, ಅನುಮಾನವೂ ಇತ್ತು.

ಆದರೆ ಹಿಡಿಯಿತು. ವಾರ ಕಳೆಯಿತು, ಮತ್ತೂ ಕಳೆಯಿತು, ಅವರು ನಡೆಯುವುದು ಬಿಡಲಿಲ್ಲ. ಗೇಟಿನಲ್ಲಿ ಕೂತು ತುಟಿ ಕಚ್ಚುತ್ತಿದ್ದರು, ಹೊಗೆಸೊಪ್ಪು ಇಡುವ ಜಾಗವನ್ನು ನಾಲಿಗೆಯಿಂದ ತಡವುತ್ತಿದ್ದರು, ಸಣ್ಣದಕ್ಕೆಲ್ಲ ರೇಗುತ್ತಿದ್ದರು, ಆದರೆ ಮುಟ್ಟಲಿಲ್ಲ. ದಾರಿಯ ಅಜ್ಜಿಯರು ನಮ್ಮ ಡ್ರೈವರಪ್ಪ ಎಲ್ಲಿ ಎಂದು ಕೇಳಿ ಪೊಟ್ಟಣವನ್ನು ನನ್ನ ಕೈಗೆ ಕೊಡುತ್ತಿದ್ದರು. ಏನು ಮಾಡಲಿ ಎಂದು ಅವರನ್ನೇ ಕೇಳಿದೆ. ತಂದುಕೊಡು ಎಂದರು. ತಂದುಕೊಟ್ಟರೆ ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಮೆಕ್ಯಾನಿಕ್ಕುಗಳಿಗೆ ಹಂಚುತ್ತಿದ್ದರು. ಇಸ್ಕೊಳ್ಳೋದನ್ನ ಬಿಡಬಾರದು, ತಿನ್ನೋದನ್ನ ಬಿಡಬಹುದು ಎಂಬ ದಾರಿಯನ್ನು ತಾವೇ ಕಂಡುಕೊಂಡಿದ್ದರು. ದಿನದಿನಕ್ಕೆ ತೆಳ್ಳಗಾದರು. ಖಾಕಿ ಅಂಗಿ ಹೆಗಲಿನಿಂದ ಜಾರುವಂತಾಯಿತು. ನಾವೆಲ್ಲ ಭೇಷ್ ಎಂದೆವು. ಶಿವನಂಜಪ್ಪ ಕೂಡ ಸುಮ್ಮನಾದರು.

ಒಂದು ಬೆಳಗ್ಗೆ ನಾನು ಅರಕಲಗೂಡಿನಲ್ಲಿರುವಾಗ ಜಯಮ್ಮನ ಫೋನು ಬಂತು. ಮಧ್ಯಾಹ್ನ ಬರುತ್ತೀಯೇನವ್ವ ಎಂದಷ್ಟೇ ಕೇಳಿದರು. ಆ ದನಿ ಕೇಳಿ, ಚನ್ನರಾಯಪಟ್ಟಣದ ಸುತ್ತಿಗೆ ಬೇರೆಯವರನ್ನು ಒಪ್ಪಿಸಿ ಅವರ ಮನೆಗೆ ಹೋದೆ. ಬಾಗಿಲಿನಿಂದ ನಡುಮನೆಯವರೆಗೆ ಸಿಮೆಂಟು ನೆಲದ ಮೇಲೆ ರಕ್ತದ ಹೆಜ್ಜೆ, ಒಂದೇ ಕಾಲಿನದು. ಜಯಮ್ಮ ಅದನ್ನು ಒರೆಸದೆ ಹಾಗೇ ಬಿಟ್ಟಿದ್ದರು, ನಾನು ನೋಡಲೆಂದು. ನದಿಯ ದಂಡೆಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದರಂತೆ, ಮಣ್ಣು ತುಳಿದರೆ ನರಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ಅಂಗಾಲಿನಲ್ಲಿ ಜಾಲಿ ಮುಳ್ಳು ಮುರಿದುಕೊಂಡಿತ್ತು. ಎಂದು ಹೊಕ್ಕಿತೋ, ಸುತ್ತ ಕೀವು ಕಟ್ಟಿತ್ತು. ಅವರು ಗೋಡೆಗೊರಗಿ ಕೂತು, ನೋವೇ ಇಲ್ಲ ಕಣವ್ವ, ಏನೂ ಆಗಿಲ್ಲ ಎನ್ನುತ್ತಿದ್ದರು. ನೋವಿಲ್ಲ ಎಂಬ ಆ ಮಾತೇ ನನ್ನನ್ನು ಹೆದರಿಸಿತು.

ಆಟೋ ಮಾಡಿಕೊಂಡು ಹಾಸನದ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಮೊಸಳೆ ಎಂಬ ಹಳ್ಳಿ ಬಂತು, ಅವರು ಹುಟ್ಟಿದ ಊರು. ಕಣ್ಣೆತ್ತಿ ನೋಡಲಿಲ್ಲ. ಆಸ್ಪತ್ರೆಯಲ್ಲಿ ಮುಳ್ಳು ತೆಗೆದು, ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಸಕ್ಕರೆ ಮೊದಲಿಗಿಂತಲೂ ಹೆಚ್ಚಾಗಿದೆ, ತೂಕ ಇಳಿದಿರುವುದು ಅದಕ್ಕೇ, ಮಾತ್ರೆ ತಗೊಳ್ತಿದ್ದೀರಾ ಎಂದು ಕೇಳಿದರು. ಇವರು ಗೋಡೆಯ ಕಡೆ ನೋಡಿದರು. ಹೀಗೇ ಇನ್ನೊಂದು ವಾರ ಕಳೆದಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎಂದು ಹೇಳಿ ಡಾಕ್ಟರು ಹೋದರು.

ಮಾತು ಹೊರಬಂದದ್ದು ವಾರ್ಡಿನಲ್ಲಿ, ಮಂಚದ ಮೇಲೆ, ಕಾಲಿಗೆ ಪಟ್ಟಿ ಸುತ್ತಿದ ಮೇಲೆ. ತೊಡಕಿನ ದಿನ ಮಾತ್ರೆ ಕೈಯಲ್ಲಿ ಹಿಡಿದರಂತೆ. ಇವತ್ತು ನುಂಗಿದರೆ ವರ್ಷವೆಲ್ಲ ನುಂಗಬೇಕಾಗುತ್ತದೆ ಎನ್ನಿಸಿತಂತೆ. ವಾಪಸು ಇಟ್ಟರಂತೆ.

"ಆಮೇಲಾದ್ರೂ ತಗೋಬೌದಿತ್ತಲ್ಲ ಅಣ್ಣ?"

"ಅದೊಂದು ಮುರುದ್ರೆ ಎಲ್ಲಾ ಮುರಿದೋಯ್ತದೆ ಅಂತ ಭಯ ಆಯ್ತು ಕಣವ್ವ. ಹೊಗೆಸೊಪ್ಪು ಬುಟ್ಟಿದ್ದು, ನಡಿಯಾದು, ಎಲ್ಲಾನೂ ಆ ದಿನುದ್ದೇ ಅಲ್ವಾ? ಒಂದೇ ದಾರದಾಗೆ ಪೋಣ್ಸಿದ್ದೆ."

ಜಯಮ್ಮ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದರು. ನನಗೆ ಸಿಟ್ಟು ಬಂದಿತ್ತು. ಓದಿದವಳು ನಾನು, ತೊಡಕು ಗಿಡಕು ಎಲ್ಲ ಸುಳ್ಳು ಎಂದು ಹೇಳಿಬಿಡಬಹುದಿತ್ತು. ಆದರೆ ಅವರು ಹೊಗೆಸೊಪ್ಪು ಬಿಟ್ಟದ್ದು ಸುಳ್ಳಾಗಿರಲಿಲ್ಲ. ಡಾಕ್ಟರೂ, ಬಾಮೈದನೂ, ಜನವರಿ ಒಂದನೇ ತಾರೀಕೂ ಮಾಡಿಸದ ಕೆಲಸವನ್ನು ಆ ಒಂದು ದಿನ ಮಾಡಿಸಿತ್ತು. ಅದನ್ನು ಕಿತ್ತರೆ ಅವರ ಕೈಗೆ ಹಿಡಿದುಕೊಳ್ಳಲು ಇನ್ನೇನಿದೆ? ಹಾಗಾಗಿ ಬೇರೆ ಕೇಳಿದೆ. ಅಣ್ಣ, ಅರಕಲಗೂಡಿಗೆ ಹೊರಟ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಏನು ಮಾಡ್ತೀವಿ? ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. ಡಿಪೋಗೆ ಫೋನ್ ಮಾಡ್ತೀವಿ, ಇನ್ನೊಂದು ಗಾಡಿ ಬತ್ತದೆ ಎಂದರು.

"ಜನ ವಾಪಸು ಹೊಳೆನರಸೀಪುರಕ್ಕೆ ಬಂದು ಮತ್ತೆ ಹೊಸದಾಗಿ ಟಿಕೆಟ್ ತಗೋತಾರಾ?"

"ಯಾಕ್ ತಗೋತಾರೆ? ಅದೇ ಟಿಕೇಟು. ನಿಂತಲ್ಲಿಂದ ಮುಂದಕ್ಕೆ ಓಯ್ತಾರೆ."

ಅಷ್ಟು ಹೇಳಿ ಪಟ್ಟಿ ಸುತ್ತಿದ ಕಾಲು ನೋಡುತ್ತಿದ್ದರು. ನರ್ಸ್ ಬಂದು ಮಾತ್ರೆ ಕೊಟ್ಟಾಗ ನನ್ನ ಕಡೆ ನೋಡಲಿಲ್ಲ, ಜಯಮ್ಮನ ಕಡೆಯೂ ನೋಡಲಿಲ್ಲ. ನೀರು ಕೇಳಿ, ನುಂಗಿದರು.

ಗಾಯದ ಕಾರಣಕ್ಕೆ ಪರೀಕ್ಷೆ ಆಷಾಢ ಕಳೆದ ಮೇಲಕ್ಕೆ ಹೋಯಿತು. ಇನ್ನೊಮ್ಮೆ ಮುಂದೂಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ಅವರು ಬರಿಗಾಲಿನ ನಡಿಗೆ ಬಿಟ್ಟು ಬೂಟು ಹಾಕಿಕೊಂಡರು. ಗಾಯ ಮಾಯುವವರೆಗೆ ಕುಳಿತೇ ಕೈಕಾಲು ಆಡಿಸುತ್ತಿದ್ದರು, ಆಮೇಲೆ ನಿಧಾನವಾಗಿ ದಂಡೆಗೆ ಹೋದರು. ಜಯಮ್ಮ ದಿನಾ ಸಂಜೆ ಅವರ ಅಂಗಾಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಮುದ್ದೆ ಚಿಕ್ಕದಾಯಿತು, ಸೊಪ್ಪಿನ ಸಾರು ದೊಡ್ಡದಾಯಿತು. ಒಂದು ದಿನ ಟೀ ಅಂಗಡಿಯವನು ಮರೆತು ಸಕ್ಕರೆ ಹಾಕಿದ. ಬಾಯಿಗೆ ಹೋದ ಮೇಲೆ ತಿಳಿಯಿತು. ಹಿಂದಿನ ಮನುಷ್ಯನಾಗಿದ್ದರೆ ಮುರಿಯಿತಲ್ಲ ಎಂದು ಲೋಟ ಪೂರ್ತಿ ಕುಡಿಯುತ್ತಿದ್ದರು. ಇವರು ಲೋಟ ಕೆಳಗಿಟ್ಟು, "ಗಾಡಿ ಕೆಟ್ಟು ನಿಂತದೆ, ಬ್ಯಾರೆ ಗಾಡಿ ಕಳ್ಸು" ಎಂದರಂತೆ. ಅಂಗಡಿಯವನಿಗೆ ತಲೆಬುಡ ಅರ್ಥವಾಗಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಶಿವನಂಜಪ್ಪ ನನ್ನನ್ನು ಗೂಡಿನೊಳಗೆ ಕರೆದರು. ಮನಸ್ಸಿನಲ್ಲಿ ಇವರ ಬಗ್ಗೆ ಪ್ರೀತಿ ಇದ್ದವರೇ. "ನೋಡಮ್ಮ, ಡಾಕ್ಟ್ರು ಕಣ್ಮುಚ್ಚಿಸ್ಬುಟ್ಟು ಪಾದಕ್ಕೆ ದಾರ ಮುಟ್ಟುಸ್ತಾರೆ. ನೀನು ಒಳಗೇ ನಿಂತ್ಕ. ಮುಟ್ಟಿದ ತಕ್ಷಣ ಒಂದ್ ಕೆಮ್ಮು. ಗಾಡಿ ಹಿಂದಕ್ಕೆ ತಗಸೋವಾಗ ನೀನು ತಟ್ಟಲ್ವಾ? ಅಂಗೇ ಇದೂವೆ." ಇವರಿಗೂ ಹೇಳಿದ್ದೇನೆ, ಏನೂ ಅನ್ನಲಿಲ್ಲ, ಒಪ್ಪಿದ ಹಾಗೇ ಎಂದರು. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ.

ಮರುದಿನ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಅವರು, ಜಯಮ್ಮ, ನಾನು ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ನಾನು ಕೆಮ್ಮಿದರೆ ಅವರಿಗೆ ಅವರ ಗಾಡಿ ಸಿಗುತ್ತದೆ. ಕೆಮ್ಮದಿದ್ದರೆ, ಪಾದ ಇನ್ನೂ ಮರಳಿಲ್ಲದಿದ್ದರೆ, ಆ ಸ್ಟೂಲೇ ಕೊನೆ. ಕೆಮ್ಮಿ ಗಾಡಿ ಕೊಡಿಸಿದರೆ ಅದರಲ್ಲಿ ಕೂರುವವರು ಯಾರು? ಅರಕಲಗೂಡಿನ ಶಾಲೆಯ ಮಕ್ಕಳು, ಪೊಟ್ಟಣದ ಅಜ್ಜಿಯರು, ನಾನು. ಅವರು ಕಿಟಕಿಯ ಹೊರಗೆ ನೋಡುತ್ತಾ ಬಲಗಾಲಿನ ಬೂಟನ್ನು ಮೆಲ್ಲಗೆ ನೆಲಕ್ಕೆ ಒತ್ತುತ್ತಿದ್ದರು, ಬಿಡುತ್ತಿದ್ದರು. ಮುಂದೆ ಡ್ರೈವರ್ ಬ್ರೇಕ್ ಒತ್ತುವ ಹೊತ್ತಿಗೆ ಸರಿಯಾಗಿ.

ಡಾಕ್ಟರ ಕೋಣೆಗೆ ಹಸಿರು ಪರದೆ ಹಾಕಿದ್ದರು. ಹೆಸರು ಕೂಗಿದಾಗ ನಾವು ಮೂವರೂ ಎದ್ದೆವು. ಬಾಗಿಲಲ್ಲಿ ಅವರು ನಿಂತು ನನ್ನ ಕಡೆ ತಿರುಗಿದರು.

"ನೀನು ಆಚೆನೇ ಇರವ್ವ."

"ಶಿವನಂಜಪ್ಪಣ್ಣ ಹೇಳ್ತಿದ್ರು..."

"ಹೇಳ್ದ. ಕೇಳ್ದೆ. ಹಿಂದ್ಗಡೆ ಏನೈತೆ ಅಂತ ನೀನು ತಟ್ಟಬೋದು. ನನ್ ಕಾಲ ಕೆಳಗೆ ಏನೈತೆ ಅಂತ ನೀನು ತಟ್ಟಕ್ಕಾಗಕ್ಕಿಲ್ಲ."

ಜಯಮ್ಮನೂ ನಾನೂ ಪರದೆಯ ಹೊರಗೆ ನಿಂತೆವು. ಬೂಟು ಬಿಚ್ಚಿದ ಸದ್ದು. ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದಾಗ ಹೂಂ ಅನ್ನಿ ಎಂದರು ಡಾಕ್ಟರು. ಸ್ವಲ್ಪ ಹೊತ್ತು ಬಿಟ್ಟು "ಹೂಂ" ಬಂತು. ಮತ್ತೊಂದು ಹೂಂ. ಜಯಮ್ಮನ ತುಟಿ ಅಲುಗುತ್ತಿತ್ತು. ಆಮೇಲೆ ಸದ್ದೇ ಇಲ್ಲ. ಹೊರಗೆ ಯಾರದೋ ಮಗು ಅಳುತ್ತಿದ್ದದ್ದು, ಫ್ಯಾನು ತಿರುಗುತ್ತಿದ್ದದ್ದು ಎಲ್ಲ ಕೇಳುತ್ತಿತ್ತು, ಅವರ ಹೂಂ ಮಾತ್ರ ಇಲ್ಲ. ಜಯಮ್ಮ ನನ್ನ ಮಣಿಕಟ್ಟು ಹಿಡಿದರು. ನನಗೆ ನಿಜವಾಗಿಯೂ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡು, ಉಸಿರು ಕಟ್ಟಿ ನುಂಗಿದೆ, ಕಣ್ಣಲ್ಲಿ ನೀರು ಬಂತು. ಇನ್ನೂ ಸದ್ದಿಲ್ಲ. ಎಷ್ಟೋ ಹೊತ್ತಾದ ಮೇಲೆ, "ಹೂಂ ಸಾ." ಕೂಡಲೇ ಇನ್ನೊಂದು. ಆಮೇಲೆ ಅವರದೇ ದನಿ: "ಕಿರುಬೆರಳ ಪಕ್ಕ ಮುಟ್ಟುದ್ರೋ ಏನೋ ಸಾ, ಗೊತ್ತಾಗ್ನಿಲ್ಲ. ಸುಳ್ಳು ಹೇಳಕ್ಕಿಲ್ಲ." ನಾನು ಗೋಡೆಗೆ ಒರಗಿಕೊಂಡೆ. ಮುಗಿಯಿತು ಅಂದುಕೊಂಡೆ.

ಡಾಕ್ಟರು ನಮ್ಮನ್ನೂ ಒಳಗೆ ಕರೆದರು. ಕನ್ನಡಕ ತೆಗೆದು ರಕ್ತದ ವರದಿಯನ್ನು ಇನ್ನೊಮ್ಮೆ ಓದಿದರು. ನಡುವೆ ಹೂಂ ಬರದ ಅಷ್ಟು ಹೊತ್ತೂ ನಾನು ಮುಟ್ಟಲೇ ಇಲ್ಲ ಎಂದರು. ಸುಮ್ಮನೆ ಕಾದು ನೋಡಿದೆ, ಕೆಲಸ ಬೇಕೆನ್ನುವ ಬಹಳ ಜನ ಮುಟ್ಟದಿದ್ದಾಗಲೂ ಹೂಂ ಅನ್ನುತ್ತಾರೆ, ಅವರಿಗೆ ಸಹಿ ಹಾಕುವುದಿಲ್ಲ. ನಾನು ಕೆಮ್ಮು ನುಂಗಿದ್ದೂ ಆಗಲೇ. ಎಡಗಾಲಿನ ಕಿರುಬೆರಳ ಹತ್ತಿರ ಇನ್ನೂ ಮಂದ ಇದೆ, ಉಳಿದ ಕಡೆ ಸ್ಪರ್ಶ ಮರಳಿದೆ, ಸಕ್ಕರೆ ಹತೋಟಿಗೆ ಬಂದಿದೆ, ಬೂಟು ಹಾಕದೆ ಪೆಡಲು ಮುಟ್ಟಬಾರದು, ಮೂರು ತಿಂಗಳಿಗೊಮ್ಮೆ ನನ್ನ ಹತ್ತಿರ ಬರಬೇಕು, ಒಂದು ಸಲ ತಪ್ಪಿದರೂ ಇದು ನಡೆಯುವುದಿಲ್ಲ ಎಂದು ಹೇಳುತ್ತಲೇ ಬರೆದರು. ಸಹಿ ಹಾಕಿ, ಮೊಹರು ಒತ್ತಿ, ಪ್ರಮಾಣಪತ್ರವನ್ನು ಮುಂದಕ್ಕೆ ಚಾಚಿದರು.

ಅವರು ಒಂದು ಬೂಟು ಹಾಕಿ, ಇನ್ನೊಂದು ಕೈಯಲ್ಲಿ ಹಿಡಿದಿದ್ದವರು, ಬೂಟು ಕೆಳಗಿಟ್ಟು ಎರಡೂ ಕೈಯಲ್ಲಿ ಇಸಿದುಕೊಂಡರು. ಓದವ್ವ ಎಂದು ನನಗೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಚಾಲನೆಗೆ ಅರ್ಹರು ಎಂಬ ಸಾಲನ್ನು ಕನ್ನಡದಲ್ಲಿ ಹೇಳಿದೆ. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಆಮೇಲೆ ಅದನ್ನು ನನ್ನ ಕೈಯಿಂದ ತೆಗೆದು ಓದು ಬಾರದ ಜಯಮ್ಮನ ಕೈಯಲ್ಲಿಟ್ಟು, ಅವರ ಮುಖವನ್ನೇ ನೋಡುತ್ತಾ ನಿಂತರು.

ಜಯಮ್ಮ ಅದನ್ನು ಮೇಲೆ ಕೆಳಗೆ ನೋಡಿದರು. ಬೆರಳಿನಿಂದ ಮೊಹರನ್ನು ಸವರಿದರು.

"ಇದ್ರಾಗೆ ನೀವು ಬಸ್ಸು ಓಡುಸ್ಬೋದು ಅಂತ ಬರ್ದವ್ರೆ" ಎಂದರು. "ಓಡ್ಸಿ, ನಾನ್ಯಾಕ್ ಬ್ಯಾಡ ಅನ್ಲಿ. ಆದ್ರೆ ನಾನು ಬೇಡ್ಕಂಡಿದ್ದು ಇದನ್ನಲ್ಲ. ಸಾಯಂಕಾಲ ಬಾಗ್ಲಿಗೆ ನೀವು ನಡ್ಕಂಡು ಬರ್ಬೇಕು. ಅಷ್ಟೇಯ."